ಕೆರೆದು ಹಾಕಿದ ಹೂವುಗಳು

ಮಾರ್ಚ್ 4, ಸೋಮವಾರ

ನನ್ನ ಹೆಂಡತಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ. ಹೇಳಿಕೊಳ್ಳೋಣವೆಂದರೆ ಯಾರೂ ಇಲ್ಲ. ರೈಲ್ವೆ ಕೆಲಸದಲ್ಲಿದ್ದಾಗ ಗಾರ್ಡ್ ಇದ್ದ. ಅವನ ಡಬ್ಬಿಯಲ್ಲಿ ಕೂತು ಚಹಾ ಕುಡಿಯುತ್ತ ಮನೆಯ ವಿಷಯ ಆಡಿ ಹಗುರಾಗಬಹುದಿತ್ತು. ಈಗ ನನಗೆ ನಿವೃತ್ತಿಯಾಗಿದೆ, ಗಾರ್ಡ್ ತನ್ನ ರೈಲಿನ ಜೊತೆ ಹೋಗಿದ್ದಾನೆ. ಆದ್ದರಿಂದ ಈ ಪುಸ್ತಕ.

ವಿಷಯ ಇಷ್ಟು. ಇವಳು ದಿನಾ ಬೆಳಿಗ್ಗೆ ಅಂಗಡಿಗೆ ಹೋಗಿ ಹೂವು ತರುತ್ತಾಳೆ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ. ಒಳಗೆ ಚಿತ್ರ ನಿಲ್ಲಿಸುವ ಮೂರು ಕಾಲಿನ ಈಸೆಲ್, ಎಣ್ಣೆ ಬಣ್ಣದ ಟ್ಯೂಬುಗಳು, ಮೂಗಿಗೆ ಹೊಡೆಯುವ ಟರ್ಪಂಟೈನ್ ಎಣ್ಣೆಯ ವಾಸನೆ. ಊಟದ ಹೊತ್ತಿಗೆ ಹೊರಗೆ ಬರುತ್ತಾಳೆ. ಏನು ಮಾಡುತ್ತಿದ್ದೆ ಅಂದರೆ ಹೂವಿನ ಚಿತ್ರ ಬರೆಯುತ್ತಿದ್ದೆ ಅನ್ನುತ್ತಾಳೆ. ಸಂತೋಷ. ಆದರೆ ಚಿತ್ರ ಎಲ್ಲಿ? ಸಂಜೆ ಇವಳು ತರಕಾರಿ ತರಲು ಹೋದಾಗ ನಾನು ಹೋಗಿ ನೋಡುತ್ತೇನೆ. ಕ್ಯಾನ್ವಾಸಿನ ಮೇಲೆ ಏನೂ ಇರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಹಲಗೆಯ ಹಾಗೆ ಬೂದು ಬಣ್ಣದ ಒಂದು ಕಲೆ, ಅಷ್ಟೇ. ಇವತ್ತು ನಿನ್ನೆಯದಲ್ಲ, ನಾನು ಮನೆಗೆ ಬಂದು ಕೂತಾಗಿನಿಂದಲೂ ಹೀಗೇ.

ಮೊದಲೂ ಏನೋ ಗೀಚುತ್ತಿದ್ದಳು ಎಂದು ನೆನಪು. ಆದರೆ ನಾನು ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಇದ್ದಾಗಲೂ ಹಗಲೆಲ್ಲ ನಿದ್ದೆ.

ಟಿಕೆಟ್ ಪರೀಕ್ಷಕನಾಗಿ ತಲೆ ಬೆಳ್ಳಗಾದವನು ನಾನು. ಟಿಕೆಟ್ ಇದ್ದವನು ನನ್ನನ್ನು ಕಂಡರೆ ಗಾಬರಿಯಿಂದ ಜೇಬು ತಡಕುತ್ತಾನೆ. ಇಲ್ಲದವನು ಗಾಡಿ ಬಿಡುವ ಮೊದಲೇ ಗೊರಕೆ ಹೊಡೆಯುತ್ತಾನೆ. ಇವಳ ಮುಖದಲ್ಲಿ ಒಂದು ಚೂರೂ ಗಾಬರಿಯಿಲ್ಲ. ಅದೇ ನನಗೆ ಸರಿ ಕಾಣುತ್ತಿಲ್ಲ.

ಮಾರ್ಚ್ 6, ಬುಧವಾರ

ನೇರವಾಗಿ ಕೇಳಿದೆ. ಬರೆದದ್ದು ಎಲ್ಲಿದೆ ಅಂದೆ. ಕೆರೆದು ಹಾಕಿದೆ ಅಂದಳು. ಯಾಕೆ ಅಂದೆ. ಸರಿ ಬರಲಿಲ್ಲ ಅಂದಳು. ಒಂದು ದಿನ ಸರಿ ಬರದೇ ಇರಬಹುದು, ದಿನಾ ಸರಿ ಬರದೇ ಇರುವುದು ಅಂದರೇನು? ಮತ್ತೆ ನಾಳೆ ಮುಂದುವರಿಸಬಹುದಲ್ಲ ಅಂದೆ. ಹಾಗೆ ಬರುವುದಿಲ್ಲ ಅಂದಳು. ಅಷ್ಟು ಹೇಳಿ ತರಕಾರಿ ಹೆಚ್ಚುತ್ತ ಕೂತಳು.

ಇಂಥ ಉತ್ತರಗಳನ್ನು ಬೋಗಿ ಬೋಗಿಯಲ್ಲಿ ಕೇಳಿದ್ದೇನೆ. ಟಿಕೆಟ್ ತಮ್ಮನ ಹತ್ತಿರ ಇದೆ, ತಮ್ಮ ಹಿಂದಿನ ಡಬ್ಬಿಯಲ್ಲಿದ್ದಾನೆ, ಹಿಂದಿನ ಡಬ್ಬಿಗೆ ಹೋದರೆ ತಮ್ಮ ಮುಂದಿನ ಡಬ್ಬಿಗೆ ಹೋಗಿರುತ್ತಾನೆ.

ಇವತ್ತು ಬೆಳಿಗ್ಗೆ ಬೇಕೆಂದೇ ಆ ಕೋಣೆಗೆ ಮತ್ತೆ ಮತ್ತೆ ಹೋದೆ. ಕನ್ನಡಕ ಇಲ್ಲಿ ಬಿಟ್ಟೆನೇನೋ ಎಂದು ಒಮ್ಮೆ, ಉಗುರು ಕತ್ತರಿಸುವುದು ಎಲ್ಲಿದೆ ಎಂದು ಒಮ್ಮೆ, ಚಹಾ ಮಾಡಲೇ ಎಂದು ಇನ್ನೊಮ್ಮೆ. ನಾನು ಬಾಗಿಲು ತೆಗೆದಾಗಲೆಲ್ಲ ಇವಳು ಕುಂಚ ಎತ್ತಿ ಹಿಡಿದು ಹಾಗೇ ನಿಂತುಬಿಡುತ್ತಾಳೆ, ನಾನು ಹೋಗುವವರೆಗೆ. ಸಿಕ್ಕಿಬಿದ್ದವರು ನಿಲ್ಲುವುದೇ ಹಾಗೆ. ಒಂದು ಸಲವಾದರೂ ರೇಗಬೇಕಿತ್ತು, ರೇಗಲಿಲ್ಲ. ಉಗುರು ಕತ್ತರಿಸುವುದು ಕನ್ನಡಿಯ ಕೆಳಗೆ ಇದೆ ಎಂದು ಮೆಲ್ಲಗೆ ಹೇಳಿದಳು.

ಮಾರ್ಚ್ 9, ಶನಿವಾರ

ಹೂವಿನವನನ್ನು ನೋಡಿಕೊಂಡು ಬಂದೆ. ಬೀದಿಯ ತುದಿಯಲ್ಲಿ ಅವನ ಅಂಗಡಿ. ಆಸಾಮಿಗೆ ಒಂದು ದೊಡ್ಡ ಮೀಸೆ ಇದೆ, ದಿನಾ ಎಣ್ಣೆ ಹಚ್ಚುತ್ತಾನೆ ಎಂದು ಕಾಣುತ್ತದೆ. ಬಕೆಟ್ಟುಗಳ ಹಿಂದೆ ಯಾರಿಗೂ ಕಾಣದ ಹಾಗೆ, ಒದ್ದೆ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಬೇರೆ ಇಟ್ಟಿದ್ದ. ಅದನ್ನೇ ಕೊಡಿ ಅಂದೆ. ಅದು ಒಬ್ಬರು ಅಮ್ಮನಿಗೆ ಅಂದ. ಯಾವ ಅಮ್ಮ ಅಂದರೆ, ನಮ್ಮ ಮನೆಯ ಗುರುತನ್ನೇ ಹೇಳಿದ.

"ಅವ್ರಿಗೆ ಪೂರ್ತಿ ಮೊಗ್ಗು ಆಗಲ್ಲ ಸಾರ್, ಪೂರ್ತಿ ಅರಳಿದ್ದೂ ಆಗಲ್ಲ. ಇನ್ನೇನು ಬಿಚ್ಕೊಳ್ಳುತ್ತೆ ಅನ್ನೋ ಅಂಥದ್ದು ಬೇಕು. ನಾನೇ ಹುಡುಕಿ ಎತ್ತಿಟ್ಟಿರ್ತೀನಿ."

ನಾನೇ ಹುಡುಕಿ ಎತ್ತಿಟ್ಟಿರ್ತೀನಿ! ಮದುವೆಯಾದಾಗಿನಿಂದ ನಾನು ಇವಳಿಗೆ ಏನನ್ನಾದರೂ ಹುಡುಕಿ ಎತ್ತಿಟ್ಟದ್ದುಂಟೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹೊಳೆಯಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಮೀಸೆಯ ಮೇಲೆ ಒಂದು ಕಣ್ಣಿಡಬೇಕು.

ಮಾರ್ಚ್ 12, ಮಂಗಳವಾರ

ಇವತ್ತು ಒಂದು ಪರೀಕ್ಷೆ ಮಾಡಿದೆ. ಪುಟ್ಟ ಕೆಲಸ, ಆದರೆ ನನಗೆ ಬೇಕಾದ ಉತ್ತರ ಸಿಕ್ಕಿತು.

ಇವಳ ತಂಗಿಯ ಫೋನು ಬಂತು. ಇವಳು ಕುಂಚವನ್ನು ಬಣ್ಣದ ತಟ್ಟೆಯ ಮೇಲಿಟ್ಟು, ಕೈ ಒರೆಸಿಕೊಂಡು ಮುಂದಿನ ಕೋಣೆಗೆ ಹೋದಳು. ನಾನು ಒಳಗೆ ಹೋದೆ. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಒಂದು ಬಿಳಿ ಗುಲಾಬಿ, ಜೊತೆಗೆ ಒಂದು ಮೊಗ್ಗು. ಕ್ಯಾನ್ವಾಸಿನ ಮೇಲೆ ಏನೋ ದಪ್ಪ ದಪ್ಪ ಬಣ್ಣ ಇತ್ತು, ಒದ್ದೆಯಾಗಿ ಹೊಳೆಯುತ್ತಿತ್ತು. ಅದನ್ನು ಸರಿಯಾಗಿ ನೋಡಲು ಹೊತ್ತಿರಲಿಲ್ಲ. ಲೋಟವನ್ನು ಹಿಡಿದು ಒಂದಿಷ್ಟು ತಿರುಗಿಸಿಟ್ಟು ಬಂದುಬಿಟ್ಟೆ.

ನನ್ನ ಲೆಕ್ಕ ಹೀಗಿತ್ತು. ನಿಜವಾಗಿ ಹೂವನ್ನು ನೋಡಿಕೊಂಡೇ ಬರೆಯುವವಳಾದರೆ, ಹೂವು ತಿರುಗಿದ್ದು ತಕ್ಷಣ ಗೊತ್ತಾಗುತ್ತದೆ, ಯಾರು ಮುಟ್ಟಿದ್ದು ಎಂದು ಕೂಗುತ್ತಾಳೆ. ಕೂಗದಿದ್ದರೆ ಚಿತ್ರವೆಲ್ಲ ನೆಪ, ಆ ಕೋಣೆಯಲ್ಲಿ ಇವಳ ಮನಸ್ಸು ಇರುವುದು ಬೇರೆಲ್ಲೋ.

ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಇವಳು ಬಂದಳು. ಕುಂಚ ತೆಗೆದುಕೊಂಡಳು. ನಿಂತೇ ಇದ್ದಳು. ಆಮೇಲೆ ಸ್ಟೂಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಚಪ್ಪಟೆ ಚಾಕು ತೆಗೆದುಕೊಂಡು ಮೇಲಿನಿಂದ ಕೆಳಗೆ ಕೆರೆದು, ಬಣ್ಣವನ್ನು ಪೇಪರಿಗೆ ಬಳಿದು, ಬಟ್ಟೆಯಿಂದ ಒರೆಸಿದಳು. ಒಂದು ಮಾತಿಲ್ಲ. ಮಧ್ಯಾಹ್ನ ನನಗೆ ಊಟ ಬಡಿಸಿದಳು, ಇನ್ನೊಂದು ಸ್ವಲ್ಪ ಹಾಕಲೇ ಎಂದು ಕೇಳಿದಳು.

ಗೆದ್ದೆ ಅಂದುಕೊಂಡೆ. ಆದರೆ ಬೇಡವೆಂದು ಎದ್ದು ಕೈ ತೊಳೆದುಕೊಂಡೆ.

ಮಾರ್ಚ್ 13, ಬುಧವಾರ

ಇವಳು ಇವತ್ತು ಹೂವು ತರಲಿಲ್ಲ.

ಮಾರ್ಚ್ 18, ಸೋಮವಾರ

ಒಂದು ಬೀಗದ ಕೈ ಸಿಕ್ಕಿದೆ. ಇವಳ ಚೀಲದಲ್ಲಿ ಕೊಡೆ ಹುಡುಕುವಾಗ ಕೈಗೆ ಬಂತು. ನಿಜ ಬರೆಯುತ್ತೇನೆ, ಕೊಡೆ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

ಹಿತ್ತಾಳೆಯದು, ಕೆಂಪು ದಾರ ಕಟ್ಟಿದೆ. ನಮ್ಮ ಮನೆಯದಲ್ಲ. ಇವಳು ಸ್ನಾನಕ್ಕೆ ಹೋದಾಗ ಎಲ್ಲ ಬಾಗಿಲಿಗೂ ಹಾಕಿ ನೋಡಿದೆ, ಬೀರುವಿಗೆ ಹಾಕಿ ನೋಡಿದೆ, ಅಟ್ಟದ ಮೇಲಿನ ಹಳೆಯ ಟ್ರಂಕಿಗೂ ಹಾಕಿ ನೋಡಿದೆ. ಟ್ರಂಕಿನ ಧೂಳಿಗೆ ಸೀನು ಬಂದು, ಏನು ಮಾಡುತ್ತಿದ್ದೀರಿ ಎಂದು ಸ್ನಾನದ ಮನೆಯಿಂದ ಕೇಳಿದಳು. ನೆಗಡಿ ಅಂದೆ.

ಈ ವಯಸ್ಸಿನಲ್ಲಿ ಇವಳಿಗೆ ಬೇರೆ ಒಂದು ಬಾಗಿಲು ಯಾಕೆ ಬೇಕು?

ಮಾರ್ಚ್ 19, ಮಂಗಳವಾರ

ಇವಳ ಹಿಂದೆ ಹೋದೆ. ತಂಗಿಯ ಮನೆಗೆ ಎಂದು ಹೇಳಿ ಹೊರಟವಳು ತಂಗಿಯ ಮನೆಯ ಬಸ್ಸು ಹತ್ತಲಿಲ್ಲ. ಮಾರುಕಟ್ಟೆ ದಾಟಿ, ಸೈಕಲ್ ರಿಪೇರಿಯವನ ಎದುರಿಗಿರುವ ಟೈಲರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದಳು. ಮೇಲಿನಿಂದ ಗಂಡಸಿನ ದನಿ ಕೇಳಿಸಿತು. ಸೈಕಲ್ಲೇ ಇಲ್ಲದ ನಾನು ಸೈಕಲ್ ರಿಪೇರಿಯವನ ಹತ್ತಿರ ಟ್ಯೂಬಿನ ವಿಚಾರ ಮಾತಾಡುತ್ತ ನಿಂತೆ.

ಇವಳು ಇಳಿದು ಬಂದಳು, ಹಿಂದೆಯೇ ಟೈಲರ್. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡ, ಹಲ್ಲಿಲ್ಲದ ಮುದುಕ. ಹಲ್ಲಿಲ್ಲದ್ದು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ಇವಳು ಬೀದಿ ತಿರುಗಿದ ಮೇಲೆ ನಾನು ಹೋಗಿ, ಬಾಡಿಗೆಗೆ ಕೋಣೆ ಇದೆಯೇ ಎಂದು ಕೇಳಿದೆ.

"ಮೊನ್ನೆ ತಾನೇ ಕೊಟ್ಟಾಯ್ತಲ್ಲ ಸಾರ್. ಒಬ್ರು ಅಮ್ಮ ತಗೊಂಡ್ರು. ಒಬ್ರೇ ಅಂತೆ ಇರೋದು."

ಆದರೂ ನೋಡುತ್ತೇನೆ ಅಂದೆ. ಕರೆದುಕೊಂಡು ಹೋಗಿ ತೋರಿಸಿದ. ಚಿಕ್ಕ ಕೋಣೆ, ಉತ್ತರಕ್ಕೆ ಒಂದು ದೊಡ್ಡ ಕಿಟಕಿ. ಒಂದು ಮೇಜು, ಒಂದು ಸ್ಟೌ, ಒಂದು ಮಂಚ. ಹಾಸಿಗೆ ಆಗಲೇ ಬಂದಿತ್ತು.

ಒಬ್ಬರೇ ಅಂತೆ. ನಾನು ಇದ್ದೇನೆ, ಗಟ್ಟಿಯಾಗಿ ಇದ್ದೇನೆ, ದಿನಕ್ಕೆರಡು ಸಲ ಉಣ್ಣುತ್ತೇನೆ. ಆದರೂ ಒಬ್ಬರೇ ಅಂತೆ.

ಮಾರ್ಚ್ 21, ಗುರುವಾರ

ನಾದಿನಿಯ ಮನೆಗೆ ಹೋಗಿದ್ದೆ. ಅಕ್ಕ ತಂಗಿಯರ ಹೊಟ್ಟೆಯಲ್ಲಿ ಒಂದೇ ಕರುಳು, ಅವಳಿಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ. ಸುತ್ತು ಬಳಸಿ ಮಾತು ತೆಗೆದೆ. ಅಕ್ಕ ಯಾಕೋ ಮೊದಲಿನ ಹಾಗಿಲ್ಲ, ದಿನಾ ಚಿತ್ರ ಎನ್ನುತ್ತಾಳೆ, ಒಂದು ಚಿತ್ರವೂ ಇಲ್ಲ, ನಿನಗೇನಾದರೂ ಗೊತ್ತೇ ಅಂದೆ. ಅವಳು ನನ್ನನ್ನೇ ನೋಡಿದಳು.

"ಭಾವ, ನೀವು ಎಲ್ಲಿ ಕೂತಿದೀರಿ?"

ಸೋಫಾದ ಮೇಲೆ ಅಂದೆ. ಮೇಲೆ ನೋಡಿ ಅಂದಳು. ಅಲ್ಲಿ ಹೂವಿನ ಚಿತ್ರವಿದೆ. ಈ ಮನೆಯ ಎಲ್ಲ ಗೋಡೆಯ ಮೇಲೂ ಇವೆ. ಎಷ್ಟೋ ವರ್ಷದಿಂದ ಅವುಗಳ ಕೆಳಗೆ ಕೂತು ಚಹಾ ಕುಡಿದಿದ್ದೇನೆ. ಅಂಗಡಿಯಿಂದ ತಂದದ್ದು ಅಂದುಕೊಂಡಿದ್ದೆ. ಎದ್ದು ಚಿತ್ರದ ಮೂಲೆಯಲ್ಲಿ ನೋಡಿದೆ. ಇವಳ ಹೆಸರಿನ ಮೊದಲ ಅಕ್ಷರ, ಕೆಳಗೆ ತಾರೀಕು. ಕಂಡವರ ಪಾಸಿನ ಮೇಲಿನ ಸಹಿಯನ್ನೆಲ್ಲ ಬೆಳಕಿಗೆ ಹಿಡಿದು ನೋಡಿದವನು ನಾನು. ಇದೊಂದನ್ನು ನೋಡಿರಲಿಲ್ಲ.

ನಾದಿನಿ ಅದರ ರೀತಿ ಹೇಳಿದಳು. ಆಲಾ ಪ್ರೀಮಾ ಎಂದು ಅದಕ್ಕೊಂದು ಹೆಸರಿದೆಯಂತೆ. ಮೊದಲ ಬಣ್ಣ ಹಸಿ ಇರುವಾಗಲೇ ಅದರ ಮೇಲೆ ಇನ್ನೊಂದು ಬಣ್ಣ, ಒಂದೇ ಕೂತಲ್ಲಿ ಮುಗಿಯಬೇಕು. ಹೂವು ನಾಳೆಗೆ ಕಾಯುವುದಿಲ್ಲ, ಬೆಳಕು ಮಧ್ಯಾಹ್ನಕ್ಕೂ ಕಾಯುವುದಿಲ್ಲ. ನಡುವೆ ತಪ್ಪಿತೋ, ಕೆರೆದು ಹಾಕುವುದೇ ದಾರಿ. ನಾನು ಗೋಡೆಯಿಂದ ಗೋಡೆಗೆ ಹೋಗಿ ತಾರೀಕುಗಳನ್ನು ನೋಡಿದೆ. ಎಲ್ಲವೂ ನಾನು ಗಾಡಿಯ ಮೇಲಿದ್ದ ಕಾಲದವು. ಕೊನೆಯದು ನನ್ನ ನಿವೃತ್ತಿಯ ಹಿಂದಿನ ವಾರದ್ದು.

"ಆಮೇಲೆ ಅಕ್ಕ ಒಂದೂ ಕೊಟ್ಟಿಲ್ಲ," ಅಂದಳು ನಾದಿನಿ.

ಕೈ ಹೋಗಿರಬೇಕು, ವಯಸ್ಸಾಯಿತಲ್ಲ ಅಂದೆ. ಅವಳು ಎದ್ದು ಹೋಗಿ ಚಹಾ ತಂದುಕೊಟ್ಟಳು. ಸಕ್ಕರೆ ಹಾಕಿರಲಿಲ್ಲ, ಮರೆತದ್ದಲ್ಲ ಎಂದು ನನ್ನ ಅನುಮಾನ.

ಸೋಫಾದ ಮೇಲಿನ ಚಿತ್ರದಲ್ಲಿ ಬಿಳಿ ಹೂವು ಇದೆ. ಹತ್ತಿರ ಹೋಗಿ ನೋಡಿದರೆ ಬಿಳಿಯೇ ಇಲ್ಲ. ಒಂದು ಕಡೆ ಹಸಿರು ಬೆರೆತ ಬೂದು, ಒಂದು ಕಡೆ ಬೆಣ್ಣೆಯ ಹಳದಿ, ಬುಡದ ಹತ್ತಿರ ನೀಲಿಯೆನ್ನಬಹುದಾದ ಏನೋ ಒಂದು. ಎರಡು ಹೆಜ್ಜೆ ಹಿಂದೆ ಬಂದರೆ ಮತ್ತೆ ಬಿಳಿ. ಎಲ್ಲಿ ಮೋಸ ಮಾಡಿದ್ದಾಳೆಂದು ಹುಡುಕಿದೆ, ಹಿಡಿಯಲಾಗಲಿಲ್ಲ. ಬಸ್ಸು ತಪ್ಪಿತು.

ಮಾರ್ಚ್ 22, ಶುಕ್ರವಾರ

ಇದನ್ನು ಬರೆಯಲೇಬೇಕು.

ಬೆಳಿಗ್ಗೆ ಕೆಂಪು ದಾರದ ಬೀಗದ ಕೈಯನ್ನು ಇವಳ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಇವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕುರ್ಚಿ ಎಳೆದು ಕೂತಳು. ನಾನು ಬಹಳ ದಿನದಿಂದ ಸಿದ್ಧ ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ಹೋಗಿ, ಯಾರು ಅವನು ಎಂದುಬಿಟ್ಟೆ.

"ಯಾರೂ ಇಲ್ಲ ಅಲ್ಲಿ. ಅದಕ್ಕೇ ತಗೊಂಡಿದ್ದು," ಅಂದಳು.

ಒಬ್ಬಳೇ ಎಂದು ಟೈಲರಿಗೆ ಹೇಳಿದ್ದೀಯಲ್ಲ, ಮಂಚ ಯಾಕೆ, ಸ್ಟೌ ಯಾಕೆ ಅಂದೆ. ಟೈಲರ್ ಹತ್ತಿರ ನಾನು ಹೋಗಿದ್ದು ಇವಳಿಗೆ ಹೊಸ ಸುದ್ದಿಯಾಗಿ ಕಾಣಲಿಲ್ಲ. ನಾನು ಇನ್ನೂ ದನಿ ಏರಿಸಿದೆ. ನಾನೇನು ತಪ್ಪು ಮಾಡಿದೆ, ಒಂದು ದಿನ ಕೈ ಎತ್ತಿದೆನೇ, ಬೈದೆನೇ, ನಿನ್ನ ಚಿತ್ರಕ್ಕೆ ಬೇಡವೆಂದೆನೇ ಎಂದೆ.

ಇವಳು ಬಟ್ಟೆಯ ಚೂರಿನಲ್ಲಿ ಬೆರಳ ಸಂದಿಯ ಬಣ್ಣ ಒರೆಸಿಕೊಳ್ಳುತ್ತಿದ್ದಳು.

"ಲೋಟದಲ್ಲಿಟ್ಟ ಹೂವು ತಾನಾಗೇ ತಿರುಗುತ್ತೆ ರೀ. ತಿರುಗಿದ್ರೆ ಕಿಟಕಿ ಕಡೆ ತಿರುಗುತ್ತೆ. ಅವತ್ತು ಅದು ಬಾಗಿಲ ಕಡೆ ತಿರುಗಿತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಕೇಳಿದ್ರೆ ನೀವು ನಾನಲ್ಲ ಅಂತಿದ್ರಿ. ಆಮೇಲೆ ನಾನೂ ನಿಮ್ಮನ್ನ ನಂಬದೇ ಇರಬೇಕಾಗ್ತಿತ್ತು. ಮನೇಲಿ ಇಬ್ರೂ ಹಾಗಾದ್ರೆ ನಡಿಯಲ್ಲ. ಅದಕ್ಕೆ ಕೋಣೆ ನೋಡ್ಕೊಂಡೆ."

ಎಷ್ಟು ದಿನ ಎಂದು ಕೇಳಿದೆ. ವಾಪಸ್ಸು ಬರುತ್ತೀಯೋ ಇಲ್ಲವೋ ಅಂದೆ. ಇವಳು ಅತ್ತಿದ್ದರೆ ಚೆನ್ನಾಗಿತ್ತು. ಅಳಲಿಲ್ಲ.

"ಗೊತ್ತಿಲ್ಲ. ಒಂದು ಚಿತ್ರ ಮುಗೀಲಿ. ಮುಗಿದ ಮೇಲೆ ಹೇಳ್ತೀನಿ."

ಮಾರ್ಚ್ 25, ಸೋಮವಾರ

ಹೋದಳು. ಈಸೆಲ್, ಬಣ್ಣದ ಪೆಟ್ಟಿಗೆ, ಎರಡು ಸೀರೆಯ ಚೀಲ. ಟೈಲರ್ ಕೈಗಾಡಿ ಕಳಿಸಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಆ ಮಾತು ಕಟ್ಟಿದವರು ಜಗಳವಾಡಿದವರನ್ನು ನೋಡಿರಬೇಕು. ನಾವು ಆಡಲೇ ಇಲ್ಲ.

ಮಾರ್ಚ್ 28, ಗುರುವಾರ

ಬ್ರೆಡ್ಡು ತಿಂದೆ. ನಿನ್ನೆಯೂ ಬ್ರೆಡ್ಡು.

ಹಿಂದಿನ ಕೋಣೆಗೆ ಹೋಗಿದ್ದೆ. ಏನಾದರೂ ಸುಳಿವು ಬಿಟ್ಟು ಹೋಗಿದ್ದಾಳೋ ಎಂದು. ಒಂದು ಲೋಟದಲ್ಲಿ ತಿಳಿಗುಲಾಬಿ ಬಣ್ಣದ ಗುಲಾಬಿಯೊಂದು ಉಳಿದಿತ್ತು, ಇವಳು ಮರೆತದ್ದು. ಬಾಡಲು ಶುರುವಾಗಿತ್ತು. ಬಾಗಿಲು ಹಾಕಿಕೊಂಡು ಸ್ಟೂಲಿನ ಮೇಲೆ ಕೂತೆ. ಇದರಲ್ಲಿ ಅಂಥದ್ದೇನಿದೆ ನೋಡಿಯೇಬಿಡೋಣ ಎಂದು.

ಗುಲಾಬಿ ಬಣ್ಣ ಎಂದು ಮೊದಲು ಅಂದುಕೊಂಡೆ. ನಂಬಿಕೆ ಬರಲಿಲ್ಲ. ಇನ್ನೊಮ್ಮೆ ನೋಡಿದೆ. ಕಿಟಕಿಯ ಕಡೆಯ ದಳಗಳ ಅಂಚು ತಣ್ಣಗಿನ ನಸುನೀಲಿ. ಒಳಗೆ ದಳಗಳು ಒತ್ತಿಕೊಂಡ ಜಾಗದಲ್ಲಿ ಪೀಚ್ ಹಣ್ಣಿನ ಬಣ್ಣ. ನೆರಳಿನ ಕಡೆ ಬೂದು, ಆದರೆ ಸತ್ತ ಬೂದು ಅಲ್ಲ, ಎಲೆಯ ಹಸಿರು ಅದರೊಳಕ್ಕೆ ಇಳಿದಿದೆ. ನೋಡುತ್ತಿದ್ದ ಹಾಗೇ ಅತ್ತ ಕಡೆಯ ಒಂದು ದಳ ಸ್ವಲ್ಪ ಜಾರಿತು. ಬೀಳಲಿಲ್ಲ. ಇದು ಸುಮ್ಮನೆ ಕೂರುವ ಜಾತಿಯದಲ್ಲ, ಕಣ್ಣು ತಪ್ಪಿಸಿ ಏನೋ ಮಾಡುತ್ತಲೇ ಇರುತ್ತದೆ. ಇಂಥದನ್ನು ಹಿಡಿಯಲು ನನ್ನಂಥವನೇ ಬೇಕು.

ಆಗ ಹಾಲಿನವನು ಕರೆದ. ಎದ್ದು ಬಾಗಿಲು ತೆರೆದು ತಿರುಗಿ ನೋಡಿದೆ. ಹೂವು ಬೇರೆಯಾಗಿತ್ತು. ಮುಂದಿನ ಕೋಣೆಯ ಹಳದಿ ಬೆಳಕು ಒಳಗೆ ನುಗ್ಗಿ ನೆರಳಿನ ಕಡೆಯನ್ನೆಲ್ಲ ತಿಂದುಹಾಕಿತ್ತು. ಹಸಿರೂ ಇಲ್ಲ, ಬೂದೂ ಇಲ್ಲ. ಬಾಗಿಲು ಹಾಕಿದೆ, ಬಂತು. ತೆರೆದೆ, ಹೋಯಿತು. ಹಾಲಿನವನು ಕರೆದು ಕರೆದು ಹೊರಟುಹೋದ.

ಕನ್ನಡಕ, ಉಗುರು ಕತ್ತರಿಸುವುದು, ಚಹಾ. ಇವಳು ಕುಂಚ ಎತ್ತಿ ಹಿಡಿದು ನಿಂತದ್ದು ನಾನು ಬಾಗಿಲು ಹಾಕಲಿ ಎಂದು.

ಈ ಮನೆಗೆ ಯಾರು ನುಗ್ಗುತ್ತಿದ್ದಾರೆಂದು ಇಷ್ಟು ದಿನ ಕಾವಲು ಕೂತಿದ್ದೆ. ಇನ್ನು ಇವತ್ತು ಬರೆಯಲಾರೆ.

ಏಪ್ರಿಲ್ 2, ಮಂಗಳವಾರ

ಮೀಸೆಯ ಅಂಗಡಿಗೆ ಹೋದೆ. ಇವಳು ಈಗ ಅವನಲ್ಲಿಗೆ ಬರುತ್ತಿಲ್ಲವಂತೆ, ಟೈಲರ್ ಅಂಗಡಿಯ ಬೀದಿಯಿಂದ ಇಲ್ಲಿಗೆ ದೂರ. ಇನ್ನೇನು ಬಿಚ್ಚಿಕೊಳ್ಳುವಂಥದ್ದು ಕೊಡಿ ಅಂದೆ. ಅವನು ಮುಂದಿನ ಬಕೆಟ್ಟಿನಿಂದ ಎತ್ತಿದ. ಅವುಗಳ ಮೇಲೆ ನೀರಿನ ಹನಿ ಜೋರಾಗಿ ಮಿನುಗುತ್ತಿತ್ತು. ಅಷ್ಟೊಂದು ತಾಜಾ ಆಗಿ ಕಾಣಬೇಕಾದ ಅಗತ್ಯ ತಾಜಾ ಹೂವಿಗೆ ಇರುವುದಿಲ್ಲ. ಬೇಡ ಅಂದೆ. ದಂಟಿನ ತುದಿ ನೋಡಿ, ಹೊರಗಿನ ದಳ ಬೆರಳಲ್ಲಿ ಮುಟ್ಟಿ, ಹಿಂದಿನ ಕಟ್ಟಿನಿಂದ ಆರಿಸಿಕೊಂಡೆ. ಮೀಸೆ ನಕ್ಕು, ಸಾರ್ ನೀವು ಅಮ್ಮನಿಗಿಂತ ಕಷ್ಟ ಅಂದ. ಒಳ್ಳೆಯ ಮನುಷ್ಯ ಎಂದು ಕಾಣುತ್ತದೆ. ಪೂರ್ತಿ ಹೇಳಲಾಗದು.

ಒದ್ದೆ ಪೇಪರಿನ ಕಟ್ಟನ್ನು ಟೈಲರ್ ಅಂಗಡಿಯ ಮೆಟ್ಟಿಲ ಮೇಲಿನ ತುದಿಯಲ್ಲಿ ಇಟ್ಟೆ. ಬಾಗಿಲು ತಟ್ಟಲಿಲ್ಲ. ತಟ್ಟುವ ಆಸೆಯಾಯಿತು, ಬಹಳ ಆಯಿತು.

ಏಪ್ರಿಲ್ 6, ಶನಿವಾರ

ದಿನಾ ಇಡುತ್ತಿದ್ದೇನೆ. ಮರುದಿನ ಹೋದರೆ ಪೇಪರು ಮಡಿಸಿಟ್ಟಿರುತ್ತದೆ. ಹೂವು ಹೋಗುತ್ತಿರುವುದು ಇವಳ ಹತ್ತಿರವೋ, ಅಥವಾ ಟೈಲರ್ ತನ್ನ ಮನೆಗೆ ಸಾಗಿಸುತ್ತಿದ್ದಾನೋ ಎಂಬ ಅನುಮಾನ ಬಂತು. ಹೋಗಿ ಕೇಳಿದೆ.

"ನನಗ್ಯಾಕೆ ಸಾರ್ ಹೂವು? ಅಮ್ಮನೇ ಎತ್ಕೋತಾರೆ. ಬೆಳಿಗ್ಗೆಯೆಲ್ಲ ಸದ್ದೇ ಇರಲ್ಲ. ಆಮೇಲೆ ಕರ್ ಕರ್ ಅಂತ ಕೆರೆಯೋ ಸದ್ದು. ದಿನಾ ಹೀಗೇ."

ಇನ್ನೂ ಕೆರೆಯುತ್ತಿದ್ದಾಳೆ. ನಾನಿಲ್ಲದ ಕೋಣೆಯಲ್ಲೂ ಸರಿ ಬರುತ್ತಿಲ್ಲ. ಹಾಗಾದರೆ ತಪ್ಪು ನನ್ನದೊಂದೇ ಅಲ್ಲ ಎಂದು ಒಂದು ಕ್ಷಣ ಖುಷಿಯಾಯಿತು. ಎಂಥ ಮನುಷ್ಯ ನಾನು ಅನ್ನಿಸಿತು. ಸಂಜೆಯವರೆಗೂ ಆ ಕೆರೆಯುವ ಸದ್ದೇ ಕಿವಿಯಲ್ಲಿತ್ತು. ಒಂದು ಮುಗಿಯಲಿ. ಆಮೇಲೆ ಇವಳು ನನಗೆ ಏನು ಹೇಳಿದರೂ ಸರಿ, ಒಂದು ಮುಗಿಯಲಿ.

ಏಪ್ರಿಲ್ 8, ಸೋಮವಾರ

ಕಟ್ಟು ಇಟ್ಟು ಎರಡು ಮೆಟ್ಟಿಲು ಇಳಿದಿದ್ದೆ, ಬಾಗಿಲು ತೆರೆಯಿತು. ಇವಳು ಸೊರಗಿದ್ದಾಳೆ. ನಾನು ಹೋಗುತ್ತೇನೆ, ಹೂವು ಇಡಲು ಬಂದದ್ದು ಅಷ್ಟೇ ಅಂದೆ.

"ನೀವು ಬರೋದು ನಂಗೆ ಮೆಟ್ಟಿಲಲ್ಲೇ ಗೊತ್ತಾಗುತ್ತೆ," ಅಂದಳು. "ಹೋದ್ರೂ ಮತ್ತೆ ಬರ್ತೀರೇನೋ ಅಂತ ಕಿವಿ ಬಾಗಿಲಲ್ಲೇ ಇರುತ್ತೆ. ಕೈ ಹೂವಿನ ಮೇಲೆ, ಕಿವಿ ಬಾಗಿಲ ಮೇಲೆ. ನಿಮ್ಮ ರೋಗ ನಂಗೂ ಅಂಟಿದೆ."

ಇನ್ನು ಬರುವುದೇ ಇಲ್ಲ, ಬೇಕಾದರೆ ಮೀಸೆಯ ಹತ್ತಿರ ಹೇಳಿ ಕಳಿಸುತ್ತೇನೆ ಅಂದೆ. ಇವಳು ಪೇಪರು ಬಿಚ್ಚಿ ಹೂವು ನೋಡಿದಳು. ಚೆನ್ನಾಗಿ ಆರಿಸಿದ್ದೀರಿ ಎಂದು ಹೇಳಲಿಲ್ಲ, ಆದರೆ ಬಹಳ ಹೊತ್ತು ನೋಡಿದಳು.

"ನಾಳೆ ಒಳಗೇ ಬಂದು ಕೂತ್ಕೊಳ್ಳಿ. ಹೊರಗಿದ್ರೆ ಯಾವಾಗ ಬರ್ತೀರೋ ಅಂತ ಇರುತ್ತೆ. ಒಳಗೇ ಇದ್ರೆ ಬರೋಕಾಗಲ್ಲ ಅಲ್ವಾ. ಮಾತಾಡೋ ಹಾಗಿಲ್ಲ. ಏಳೋ ಹಾಗಿಲ್ಲ."

ಏಪ್ರಿಲ್ 9, ಮಂಗಳವಾರ

ಮಂಚದ ಮೇಲೆ ಕೂರಿಸಿದಳು. ಲೋಟದಲ್ಲಿ ನಾನು ತಂದ ಬಿಳಿ ಗುಲಾಬಿಗಳು, ಒಂದು ಅರ್ಧ ಬಿಚ್ಚಿದ್ದು, ಒಂದು ಬಿಚ್ಚಲು ಹೊರಟದ್ದು.

ಮೊದಲು ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಆಮೇಲೆ ತೆಳ್ಳಗಿನ ಕಪ್ಪು ಹಸಿರಿನಲ್ಲಿ ನೆರಳಿನ ಜಾಗಗಳನ್ನೆಲ್ಲ ಒಮ್ಮೆಗೇ ಹಾಕಿಬಿಡುತ್ತಾಳೆ. ಹೂವು ಇನ್ನೂ ಇಲ್ಲ, ಹೂವಿನ ಸುತ್ತಲಿನ ಕತ್ತಲು ಮಾತ್ರ. ಆಮೇಲೆ ದಳ. ಕುಂಚದ ತುಂಬ ಬಣ್ಣ ತೆಗೆದುಕೊಂಡು, ಹಸಿ ಬಣ್ಣದ ಮೇಲೆ ಒಮ್ಮೆ ಇಟ್ಟು, ಕೈ ತೆಗೆಯುತ್ತಾಳೆ. ಮತ್ತೆ ಅದನ್ನು ಮುಟ್ಟುವುದಿಲ್ಲ. ಕುಂಚ ಒರೆಸುತ್ತಾಳೆ, ನೋಡುತ್ತಾಳೆ, ಇನ್ನೊಂದು. ಒಮ್ಮೆ ಮಾತ್ರ ಅದೇ ಜಾಗಕ್ಕೆ ಎರಡನೇ ಸಲ ಹೋದಳು, ಬಣ್ಣ ಕೆಸರಾಯಿತು. ಚಾಕುವಿನ ತುದಿಯಲ್ಲಿ ಅಷ್ಟನ್ನೇ ಎತ್ತಿ ತೆಗೆದಳು.

ನನಗೆ ಬೆನ್ನು ನೋವು ಬಂತು. ಮೂಗು ತುರಿಸಿತು. ಕೆಳಗೆ ಟೈಲರ್ ಯಾರ ಜೊತೆಗೋ ಕಾಲರ್ ವಿಷಯಕ್ಕೆ ವಾದ ಮಾಡುತ್ತಿದ್ದ. ನಾನು ಹೂವನ್ನು ನೋಡುತ್ತ ಕೂತೆ. ಎಡಗಡೆಯ ಹೂವು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಒಳಗಿನ ಬೆಣ್ಣೆ ಬಣ್ಣ ಮೊದಲು ಒಂದು ಗೆರೆಯಾಗಿ ಕಂಡಿತು, ಆಮೇಲೆ ಅಗಲವಾಯಿತು. ಇವಳಿಗೆ ಹೇಳಬೇಕು ಅನ್ನಿಸಿತು. ನೋಡಿದರೆ ಆಗಲೇ ಅಲ್ಲಿ ಆ ಬಣ್ಣ ಇಟ್ಟಿದ್ದಳು.

ಯಾವಾಗಲೋ ಇವಳ ಕಿವಿ ಬಾಗಿಲಿನಿಂದ ಈಚೆ ಬಂದಿತ್ತು. ಹೇಗೆ ಗೊತ್ತಾಯಿತು ಎಂದು ಬರೆಯಲಾರೆ. ಹೆಗಲು ಇಳಿದಿತ್ತು. ನಾನು ಇದ್ದೇನೆ ಎಂಬುದೇ ಮರೆತಂತಿತ್ತು. ನನ್ನನ್ನು ಯಾರಾದರೂ ಹೀಗೆ ಮರೆತರೆ ಇಷ್ಟು ಸುಖವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕಿಟಕಿಯ ಬೆಳಕು ಬದಲಾಗುವ ಹೊತ್ತಿಗೆ ಹಿಂದೆ ಸರಿದು ನಿಂತಳು. ಚಪ್ಪಟೆ ಚಾಕು ಕೈಗೆತ್ತಿಕೊಂಡಳು. ಬೇಡ ಎಂದು ಕೂಗಬೇಕೆನ್ನಿಸಿತು, ಮಾತಾಡುವ ಹಾಗಿಲ್ಲ. ಇವಳು ಚಾಕುವಿನಿಂದ ತಟ್ಟೆಯ ಮೇಲೆ ಉಳಿದ ಬಣ್ಣವನ್ನು ಕೆರೆದು, ಪೇಪರಿಗೆ ಬಳಿದು, ಚಾಕುವನ್ನು ಒರೆಸಿ ಕೆಳಗಿಟ್ಟಳು.

"ಆಯ್ತು," ಅಂದಳು.

ಮುಗಿದ ಮೇಲೆ ಹೇಳುತ್ತೇನೆ ಎಂದಿದ್ದಳು. ನಾನು ಕೇಳಲಿಲ್ಲ. ಕೇಳದೆ ಇರಲು ಎರಡೂ ಕೈಯಿಂದ ಮಂಚದ ಅಂಚು ಹಿಡಿದುಕೊಂಡಿದ್ದೆ. ಇವಳು ಕುಂಚಗಳನ್ನು ಒಂದೊಂದಾಗಿ ತೊಳೆದಳು. ಕೊನೆಯದನ್ನು ಒರೆಸುತ್ತ ನನ್ನ ಕಡೆ ನೋಡದೇ ಕೇಳಿದಳು.

"ಮನೇಲಿ ಊಟಕ್ಕೆ ಏನಿದೆ?"

ಎಲ್ಲಾ ಇದೆ ಅಂದೆ. ಮನೆಯಲ್ಲಿ ಅರ್ಧ ಪೊಟ್ಟಣ ಬ್ರೆಡ್ಡು ಇತ್ತು. ಇವಳು ನನ್ನ ಮುಖವನ್ನು ದಿಟ್ಟಿಸಿ ನೋಡಿ, ನೀವು ಮುಂದೆ ಹೋಗಿ ಅಂದಳು. ಚಿತ್ರ ಹಸಿ ಇದೆ, ಅಂಚು ಹಿಡಿದು ಮೆಲ್ಲಗೆ ನಡೆದು ತರಬೇಕು, ಅವಸರ ಮಾಡುವ ಹಾಗಿಲ್ಲ ಅಂದಳು. ಈ ಕೋಣೆ ಇರಲಿ, ಬೆಳಿಗ್ಗೆ ಹೊತ್ತು ಬೇಕಾಗುತ್ತದೆ ಎಂದೂ ಸೇರಿಸಿದಳು. ಇರಲಿ ಅಂದೆ.

ಓಡಿ ಬಂದೆ ಎಂದೇ ಬರೆಯಬೇಕು. ದಾರಿಯಲ್ಲಿ ತರಕಾರಿ ಕೊಂಡೆ, ಮೊಟ್ಟೆ ಕೊಂಡೆ. ಈಗ ಒಲೆಯ ಮೇಲೆ ಅನ್ನ ಬೇಯುತ್ತಿದೆ, ಉಪ್ಪು ಎಷ್ಟು ಹಾಕಬೇಕೆಂದು ತಿಳಿಯದೆ ಹಾಕಿದ್ದೇನೆ. ಇವಳ ಎರಡೂ ಕೈಯಲ್ಲಿ ಹಸಿ ಚಿತ್ರವಿರುತ್ತದೆ, ಬಾಗಿಲು ತಟ್ಟಲಾಗುವುದಿಲ್ಲ. ಅದಕ್ಕೆ ತೆರೆದಿಟ್ಟು ಬಂದು ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಮುಂದಿನ ಕೋಣೆಯಲ್ಲಿ ಹೆಜ್ಜೆ ಸದ್ದಾಗುತ್ತಿದೆ. ಎದ್ದು ಹೋಗಿ ಯಾರೆಂದು ನೋಡುವುದಿಲ್ಲ.